ಮಗು ಬಾಯಿಬಿಟ್ಟು ಹೇಳುವಂಥ ಮನೆ

(ಮಠದ ಮಾಸಿಕ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಕ್ಕಳ ಕೈಗೆ ಮೊಬೈಲ್ ಕೊಡಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಇನ್ನೂ ನಡೆದೇ ಇದೆ. ನನ್ನ ಮಟ್ಟಿಗೆ ಆ ಚರ್ಚೆ 2020ರಲ್ಲೇ ಮುಗಿಯಿತು. ಕೊರೋನಾ ಬಂದು ಶಾಲೆಗಳ ಬಾಗಿಲು ಮುಚ್ಚಿದಾಗ ನಾವೇ ಸಾಲ ಸೋಲ ಮಾಡಿ ಫೋನ್ ಕೊಡಿಸಿ, ಪಾಠ ಕೇಳು ಎಂದು ಕೂಡಿಸಿದೆವು. ಶಾಲೆಗಳು ಮತ್ತೆ ತೆರೆದವು, ಫೋನ್ ಮಾತ್ರ ನಮ್ಮ ಕೈಗೆ ವಾಪಸ್ ಬರಲಿಲ್ಲ. ಆದ್ದರಿಂದ ಫೋನ್ ಕಸಿದುಕೊಳ್ಳಿ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಫೋನಿನ ಮೂಲಕ ಮಕ್ಕಳನ್ನು ಹೆದರಿಸಿ ಸುಲಿಯುವ ಒಂದು ದಂಧೆಯ ಬಗ್ಗೆ ಮಾತ್ರ ಹೇಳುತ್ತೇನೆ. ಇಂಥದ್ದನ್ನು ಮಠದ ವೇದಿಕೆಯಲ್ಲಿ ಆಡಬಹುದೇ ಎಂದು ಕೆಲವರಿಗೆ ಅನಿಸೀತು. ಇಲ್ಲಿ ಆಡದಿದ್ದರೆ ಇನ್ನೆಲ್ಲಿ ಆಡೋಣ?

ಅದು ನಡೆಯುವ ಬಗೆ ಹೀಗೆ. ಒಂಬತ್ತನೇ ತರಗತಿಯ ಹುಡುಗ ಎಂದುಕೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲೋ ಯಾವುದೋ ಆಟದ ಚಾಟ್‌ನಲ್ಲೋ ಅವನದೇ ವಯಸ್ಸಿನ ಹುಡುಗಿಯ ಫೋಟೋ ಇರುವ ಖಾತೆಯಿಂದ ಪರಿಚಯದ ಮಾತು ಬರುತ್ತದೆ. ಎರಡು ದಿನ ಶಾಲೆ, ಸಿನಿಮಾ, ಕ್ರಿಕೆಟ್. ಮೂರನೇ ದಿನ 'ಇಲ್ಲಿ ಬೇಡ, ವಾಟ್ಸಾಪ್‌ಗೆ ಬಾ'. ಆ ಕಡೆಯಿಂದಲೇ ಮೊದಲು ಒಂದು ಚಿತ್ರ ಬರುತ್ತದೆ. ನಿನ್ನದೂ ಕಳಿಸು ಎಂಬ ಒತ್ತಾಯ, ಇಲ್ಲವೇ ವಿಡಿಯೋ ಕಾಲ್. ಆ ಕಡೆ ಹುಡುಗಿ ಇರುವುದೇ ಇಲ್ಲ, ಮೊದಲೇ ತೆಗೆದಿಟ್ಟ ವಿಡಿಯೋ ಓಡುತ್ತಿರುತ್ತದೆ. ಇವನ ಮುಖ, ಮೈ ಎಲ್ಲ ರೆಕಾರ್ಡ್ ಆಗುತ್ತದೆ. ಅಲ್ಲಿಗೆ ದನಿ ಬದಲಾಗುತ್ತದೆ. 'ನಿನ್ನ ಅಪ್ಪನಿಗೆ, ನಿಮ್ಮ ಸರ್‌ಗೆ ಕಳಿಸಲೇ? ಬೇಡವಾದರೆ ಐದು ಸಾವಿರ ಹಾಕು.' ಹುಡುಗ ಅಜ್ಜನ ಫೋನಿನಿಂದ ಯುಪಿಐ ಮಾಡುತ್ತಾನೆ. ಮರುದಿನ ಹತ್ತು ಸಾವಿರ ಕೇಳುತ್ತಾರೆ. ಹಣ ಕೊಟ್ಟರೆ ಕಾಟ ತಪ್ಪುವುದಿಲ್ಲ. ಇವನು ಕೊಡುವ ಗಿರಾಕಿ ಎಂದು ಅವರಿಗೆ ಖಾತ್ರಿಯಾಗುತ್ತದೆ, ಅಷ್ಟೆ.

ಹೆಣ್ಣುಮಕ್ಕಳಾದರೆ ಎಷ್ಟೋ ಸಲ ಅವರು ಏನನ್ನೂ ಕಳಿಸಿರಬೇಕಾಗಿಲ್ಲ. ಅಕ್ಕನ ಮದುವೆಯಲ್ಲಿ ತೆಗೆದ ಫೋಟೋ ಡಿಪಿಯಲ್ಲಿದ್ದರೆ ಸಾಕು, ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಅದನ್ನೇ ಬೆತ್ತಲೆ ಚಿತ್ರ ಮಾಡಿಕೊಡುತ್ತವೆ. ಇಲ್ಲಿ ಬೇಡಿಕೆ ಯಾವಾಗಲೂ ಹಣವಲ್ಲ. ಇನ್ನಷ್ಟು ಚಿತ್ರ ಕಳಿಸು, ಹೇಳಿದಲ್ಲಿಗೆ ಬಾ ಎನ್ನುತ್ತಾರೆ. ಮಾಡುವವನು ಪರಿಚಯದವನೇ ಆಗಿರುವುದೂ ಉಂಟು.

ಈ ದಂಧೆಯ ಬಂಡವಾಳ ಯಾವುದು ಎಂದು ಯೋಚಿಸಿದ್ದೇನೆ. ಆ ಚಿತ್ರ ಅಲ್ಲ. 'ಈ ಮಗು ಮನೆಯಲ್ಲಿ ಬಾಯಿ ಬಿಡುವುದಿಲ್ಲ' ಎಂಬ ಖಾತ್ರಿಯೇ ಅವನ ಬಂಡವಾಳ. ಅದನ್ನು ಅವನಿಗೆ ಒದಗಿಸಿಕೊಟ್ಟವರು ನಮ್ಮಂಥ ಮನೆಗಳವರು.

ಎಂಜಿನಿಯರ್ ಆದವನಿಗೆ ಅಣೆಕಟ್ಟಿನ ಉದಾಹರಣೆ ಬಿಟ್ಟರೆ ಬೇರೆ ಹೊಳೆಯುವುದಿಲ್ಲ, ಸಹಿಸಿಕೊಳ್ಳಿ. ಕಲ್ಲಿನ, ಕಾಂಕ್ರೀಟಿನ ದೊಡ್ಡ ಅಣೆಕಟ್ಟುಗಳ ಹೊಟ್ಟೆಯೊಳಗೆ ಒಂದು ಸುರಂಗದಂಥ ದಾರಿ ಇರುತ್ತದೆ, ಗ್ಯಾಲರಿ ಎನ್ನುತ್ತೇವೆ. ಅಲ್ಲಿ ಬೇಕೆಂದೇ ರಂಧ್ರ ಕೊರೆದಿರುತ್ತಾರೆ. ತಳದಲ್ಲಿ ಜಿನುಗುವ ನೀರು ಅದರಿಂದ ಹೊರಬರುತ್ತದೆ, ಅದನ್ನು ತಪ್ಪದೆ ಅಳೆದು ಬರೆದಿಡುತ್ತಾರೆ. ಹೊಸದಾಗಿ ನೋಡುವವರಿಗೆ ಅಣೆಕಟ್ಟು ಸೋರುತ್ತಿದೆ ಎಂದು ಗಾಬರಿ. ಆದರೆ ಆ ರಂಧ್ರ ಕಟ್ಟಿಕೊಂಡರೆ ನೀರು ಅಡಿಯಿಂದ ಕಟ್ಟಡವನ್ನೇ ಮೇಲಕ್ಕೆ ಒತ್ತುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಒಣಗಿ ಚೆನ್ನಾಗಿಯೇ ಕಾಣುತ್ತಿರುತ್ತದೆ. 'ನಮ್ಮ ಮಕ್ಕಳು ಅಂಥವರಲ್ಲ, ನಮಗೇನೂ ತೊಂದರೆ ಇಲ್ಲ' ಎನ್ನುವ ಮನೆ ಕಂಡರೆ ನನಗೆ ಆ ಒಣ ಗೋಡೆ ನೆನಪಾಗುತ್ತದೆ.

ಗೊತ್ತಾದ ಮೇಲಾದರೂ ನಾವು ಮಾಡುವುದೇನು? ಹುಡುಗನಾದರೆ ಹೊಡೆತ. ಹುಡುಗಿಯಾದರೆ ಫೋನ್ ಒಡೆಯುತ್ತೇವೆ, ಕಾಲೇಜು ಬಿಡಿಸುತ್ತೇವೆ, ಗಂಡು ಹುಡುಕಲು ಶುರು ಮಾಡುತ್ತೇವೆ. ಕೇಡು ಮಾಡಿದವನು ಎಲ್ಲೋ ಆರಾಮಾಗಿ ಇರುತ್ತಾನೆ, ಓದು ನಿಲ್ಲುವುದು ಇವಳದ್ದು. ಇದನ್ನು ಅವಳ ತಂಗಿ ನೋಡುತ್ತಾಳೆ, ಓಣಿಯ ಗೆಳತಿಯರು ನೋಡುತ್ತಾರೆ. ನಾಳೆ ಅವರಿಗೇ ಬಂದಾಗ ಅವರು ಹೇಳುತ್ತಾರೆಯೇ? ಹನ್ನೆರಡನೆಯ ಶತಮಾನದಲ್ಲೇ ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ಬರೆದರು, ಹೆಣ್ಣಿಗೆ ಮಾತು ಕೊಟ್ಟ ಧರ್ಮ ನಮ್ಮದು ಎಂದು ಬಸವ ಜಯಂತಿಯ ದಿನ ಹೆಮ್ಮೆಯಿಂದ ಭಾಷಣ ಮಾಡುತ್ತೇವೆ. ಅದೇ ಮನೆಯಲ್ಲಿ ಹದಿನಾರರ ಮಗಳು 'ಅಪ್ಪಾ, ಒಬ್ಬ ನನ್ನನ್ನು ಹೆದರಿಸುತ್ತಿದ್ದಾನೆ' ಎನ್ನಲು ಅಂಜುತ್ತಾಳೆ. ಹೇಳಲಾರದೆ ಜೀವ ಕಳೆದುಕೊಂಡ ಮಕ್ಕಳೂ ಇದ್ದಾರೆ. ಆದ್ದರಿಂದ ಮಗು ಹೇಳಿದ ಕೂಡಲೇ ಮೊದಲು ಆಡಬೇಕಾದ ಮಾತು, 'ಹೇಳಿದ್ದು ಒಳ್ಳೆಯದಾಯಿತು, ನಾನಿದ್ದೇನೆ'. ಉಳಿದದ್ದು ಆಮೇಲೆ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನಸ್ಸು ತೀರಾ ಕುಸಿದಿದ್ದರೆ 14416, ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ.

ಇನ್ನು ಮಾಡಬೇಕಾದ್ದು. ಹಣ ಕೊಡಬೇಡಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಖಾತೆಯ ಹೆಸರು, ಫೋನ್ ನಂಬರ್, ಹಣ ಹೋದ ಯುಪಿಐ ಐಡಿ ಬರೆದುಕೊಂಡು ಆಮೇಲೆ ಬ್ಲಾಕ್ ಮಾಡಿ. ಮಗುವಿನ ಚಿತ್ರವನ್ನು ಸಾಕ್ಷಿಗೆಂದು ಕೂಡ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಫೋನನ್ನೇ ಪೊಲೀಸರ ಬಳಿ ಒಯ್ಯಿರಿ. ಇಂಥ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. 'ಈ ಹುಡುಗಿ ಯಾರ ಮನೆಯವಳು' ಎಂದು ಊರಿನ ಗ್ರೂಪಿಗೆ ಹಾಕುವ ಹಿರಿಯರಿಗೂ ಅದು ಅನ್ವಯಿಸುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು. ಮಕ್ಕಳ ಸಹಾಯವಾಣಿ 1098. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಇಂಥ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು.

'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಒಂದಿದೆ. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ದುಡಿಯುವ ಅಮೆರಿಕದ ಸಂಸ್ಥೆ ನಡೆಸುವಂಥದ್ದು. ಇದರ ತಂತ್ರ ನನಗೆ ಬಹಳ ಹಿಡಿಸಿತು. ಚಿತ್ರ ನಿಮ್ಮ ಫೋನ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಬೆರಳಚ್ಚಿನಂತೆ ಅದರ ಒಂದು ಅಂಕಿಗುರುತು ಮಾತ್ರ ಹೋಗುತ್ತದೆ, ಇದಕ್ಕೆ ಒಪ್ಪಿರುವ ಕಂಪನಿಗಳು ತಮ್ಮ ತಾಣಗಳಲ್ಲಿ ಅದೇ ಗುರುತಿನ ಚಿತ್ರ ಕಂಡರೆ ತೆಗೆಯುತ್ತವೆ.

ಠಾಣೆ ಹತ್ತಿದರೆ ಮರ್ಯಾದೆ ಹೋಗುತ್ತದೆ ಎನ್ನುವವರು 2012ರ ಪೋಕ್ಸೊ ಕಾಯ್ದೆಯನ್ನು ಒಮ್ಮೆ ಓದಬೇಕು. ಹದಿನೆಂಟು ತುಂಬದ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು, ಪೊಲೀಸರು ಆಗ ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪತ್ರಿಕೆಗಳು ಮಗುವಿನ ಗುರುತು ಪ್ರಕಟಿಸುವಂತಿಲ್ಲ.

ಅದೇ ಕಾಯ್ದೆ ನಮಗೂ ಒಂದು ಮಾತು ಹೇಳುತ್ತದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ತಿಳಿಸದೆ ಬಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ, ದಂಡ. ಮಠದ ಶಾಲೆ, ಪ್ರಸಾದ ನಿಲಯಗಳು ಇದಕ್ಕೆ ಹೊರತಲ್ಲ. ಅನ್ನ, ಅಕ್ಷರ ದಾಸೋಹದಿಂದ ಸಾವಿರಾರು ಬಡ ಮಕ್ಕಳನ್ನು ಬೆಳೆಸಿದ ಮಠಗಳು ನಮ್ಮವು. ಮನೆಯಿಂದ ದೂರ ಇರುವ ಆ ಮಗುವಿಗೆ ಹೇಳಿಕೊಳ್ಳಲು ಯಾರಿದ್ದಾರೆ? ವಾರ್ಡನ್ ಮೇಲೆಯೇ ದೂರಿದ್ದರೆ? ಆಡಳಿತದಲ್ಲಿ ಇಲ್ಲದ ಒಬ್ಬ ತಾಯಿಯನ್ನು, ಉದಾಹರಣೆಗೆ ನಿವೃತ್ತ ಶಿಕ್ಷಕಿಯನ್ನು, ಪ್ರತಿ ನಿಲಯಕ್ಕೂ ನೇಮಿಸಬೇಕು ಎಂದು ಪೂಜ್ಯರಲ್ಲಿ ವಿನಂತಿಸುತ್ತೇನೆ. ಲಿಂಗದೀಕ್ಷೆಯ ದಿನ ಬರಿಮೈಯಲ್ಲಿ ಕುಳಿತ ಮಕ್ಕಳ ಫೋಟೋ, ಜೊತೆಗೆ ಹೆಸರು, ಊರು, ಶಾಲೆ ಸಹಿತ ಫೇಸ್‌ಬುಕ್‌ಗೆ ಹಾಕುವುದನ್ನೂ ನಿಲ್ಲಿಸೋಣ. ಅದು ಯಾರ ಕೈಗೆ ಹೋಗುತ್ತದೆಂದು ಹಾಕಿದವರಿಗೂ ಗೊತ್ತಿರುವುದಿಲ್ಲ.

ಸೆಟ್ಟಿಂಗ್‌ಗಳ ವಿಷಯ ಸ್ವಲ್ಪವೇ ಇದೆ. ಇನ್‌ಸ್ಟಾಗ್ರಾಮ್ ಹದಿಹರೆಯದವರ ಖಾತೆಯನ್ನು ತಾನಾಗಿಯೇ ಖಾಸಗಿ ಮಾಡುತ್ತದೆ, ಅಪರಿಚಿತರ ಸಂದೇಶವನ್ನು ತಡೆಯುತ್ತದೆ. ಆದರೆ ನಮ್ಮ ಮಕ್ಕಳು ಹುಟ್ಟಿದ ವರ್ಷವನ್ನೇ ಸುಳ್ಳು ಕೊಟ್ಟಿರುತ್ತಾರೆ, ಆಗ ಆ ರಕ್ಷಣೆ ಸಿಗುವುದಿಲ್ಲ. ಇಂದು ರಾತ್ರಿ ಮಗುವಿನ ಪಕ್ಕ ಕುಳಿತು ಅದನ್ನು ಸರಿಪಡಿಸಿ. ವಾಟ್ಸಾಪ್‌ನಲ್ಲಿ ಅಪರಿಚಿತ ನಂಬರ್‌ಗಳ ಕರೆ ರಿಂಗ್ ಆಗದಂತೆ ಮಾಡುವ, ಕಂಡವರು ಗ್ರೂಪಿಗೆ ಸೇರಿಸದಂತೆ ತಡೆಯುವ ಆಯ್ಕೆಗಳಿವೆ. ಪ್ರಸಾದದ ನಂತರ ನಾನು ಗ್ರಂಥಾಲಯದ ಕೋಣೆಯಲ್ಲಿ ಇರುತ್ತೇನೆ. ಫೋನ್ ತನ್ನಿ, ಮಕ್ಕಳನ್ನೂ ಕರೆತನ್ನಿ. ಅವರ ಎದುರಿಗೇ ಮಾಡೋಣ.