ನೆರೆದಾಗ ಬೆಳಗುವ ಜೀವಕೋಶಗಳು

ಹವಾಯಿ ದ್ವೀಪಗಳ ಆಳವಿಲ್ಲದ ಕಡಲಂಚಿನಲ್ಲಿ ಬದುಕುವ ಬಾಬ್‌ಟೇಲ್ ಸ್ಕ್ವಿಡ್ ಎಂಬ ಪುಟ್ಟ ಮೃದ್ವಂಗಿಯು ರಾತ್ರಿ ಬೀರುವ ಬೆಳಕು ಅದರ ಒಂದು ಅಂಗದೊಳಗೆ ನೆಲೆಸಿರುವ ವಿಬ್ರಿಯೊ ಫಿಶರಿ ಎಂಬ ಬ್ಯಾಕ್ಟೀರಿಯಾಗಳಿಂದ ಬರುತ್ತದೆ. ಇದೇ ಬ್ಯಾಕ್ಟೀರಿಯಾ ತೆರೆದ ಸಮುದ್ರದಲ್ಲಿ ಒಂಟಿಯಾಗಿ ತೇಲುವಾಗ ಬೆಳಗುವುದಿಲ್ಲ. ಕಣ್ಣು, ಕಿವಿ, ನರಮಂಡಲ ಯಾವುದೂ ಇಲ್ಲದ ಏಕಕೋಶ ಜೀವಿಗೆ ತನ್ನವರು ನೆರೆದಿದ್ದಾರೆಂಬುದು ತಿಳಿಯುವ ಬಗೆಗೆ 1970ರಲ್ಲಿ ಕೆನೆತ್ ನೀಲ್ಸನ್, ಟೆರ್ರಿ ಪ್ಲಾಟ್ ಮತ್ತು ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಪ್ರಕಟಿಸಿದ ಅಧ್ಯಯನವು ದಾರಿ ತೋರಿತು.

ಪ್ರತಿ ಕೋಶವೂ ‘ಸ್ವಪ್ರೇರಕ’ವೆಂದು ಕರೆಯಲಾಗುವ ಪುಟ್ಟ ಅಣುವೊಂದನ್ನು ಸದಾ ಅಲ್ಪ ಪ್ರಮಾಣದಲ್ಲಿ ತಯಾರಿಸುತ್ತದೆ; ಅದು ಕೋಶಪೊರೆಯನ್ನು ದಾಟಿ ಹೊರಹೋಗಿ, ಕೋಶಗಳು ವಿರಳವಾಗಿದ್ದರೆ ನೀರಿನಲ್ಲಿ ಚದುರಿಹೋಗುತ್ತದೆ, ದಟ್ಟವಾಗಿದ್ದರೆ ಅಲ್ಲಿಯೇ ಶೇಖರಗೊಂಡು ಮರಳಿ ಕೋಶಗಳೊಳಗೆ ನುಗ್ಗುತ್ತದೆ. ಒಳಬಂದ ಅಣು ಲಕ್ಸ್‌ಆರ್ ಎಂಬ ಪ್ರೋಟೀನನ್ನು ಕೂಡಿಕೊಂಡಾಗ ಆ ಜೋಡಿಯು ಡಿಎನ್‌ಎಗೆ ಅಂಟಿ, ಬೆಳಕನ್ನು ಹೊಮ್ಮಿಸುವ ಲ್ಯೂಸಿಫರೇಸ್ ಕಿಣ್ವದ ಜೀನುಗಳನ್ನೂ, ಸ್ವಪ್ರೇರಕವನ್ನೇ ತಯಾರಿಸುವ ಜೀನನ್ನೂ ಒಟ್ಟಿಗೆ ಚಾಲನೆಗೊಳಿಸುತ್ತದೆ. ಹೀಗೆ ಸಂಕೇತವು ತನ್ನನ್ನು ತಾನೇ ಹೆಚ್ಚಿಸಿಕೊಂಡು, ಸಮೂಹವಿಡೀ ಬೆಳಗತೊಡಗುತ್ತದೆ. ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿಯಾದ ಕೋರಂನಿಂದ ಈ ವಿದ್ಯಮಾನಕ್ಕೆ 1994ರಲ್ಲಿ ‘ಕೋರಂ ಸೆನ್ಸಿಂಗ್’ ಎಂಬ ಹೆಸರು ಬಂತು.

ಇಲ್ಲಿ ಅತ್ಯಂತ ವಿಸ್ಮಯಕರವಾದುದು, ಸಂದೇಶವು ಅಣುವಿನ ರಚನೆಯಷ್ಟೇ ಅದರ ಸಾಂದ್ರತೆಯಲ್ಲಿಯೂ ಅಡಗಿರುವುದು: ಅದೇ ಅಣು ವಿರಳವಾಗಿದ್ದಾಗ ನಿರರ್ಥಕ, ಒಂದು ಮಿತಿಯನ್ನು ಮೀರಿದಾಗ ಆಜ್ಞೆ. ಇಕ್ಕಟ್ಟಾದ ಜಾಗದಲ್ಲಿ ಕೆಲವೇ ಕೋಶಗಳಿದ್ದರೂ ಆ ಮಿತಿ ತಲುಪಬಹುದಾದ್ದರಿಂದ, ಕೋಶವು ಅಳೆಯುವುದು ಬರಿಯ ಸಂಖ್ಯೆಯನ್ನಲ್ಲ, ಸಂಖ್ಯೆಗೂ ಜಾಗಕ್ಕೂ ಇರುವ ಸಂಬಂಧವನ್ನು ಎನ್ನುವುದೇ ಹೆಚ್ಚು ಸರಿ.

ಆಜ್ಞೆಯ ಅರ್ಥವೂ ಜೀವಿಯಿಂದ ಜೀವಿಗೆ ಬೇರೆ. ಕಾಲರಾ ಬ್ಯಾಕ್ಟೀರಿಯಾ ಸಂಖ್ಯೆ ಕಡಿಮೆಯಿದ್ದಾಗಲೇ ರೋಗಕಾರಕ ಜೀನುಗಳನ್ನು ಬಳಸಿ, ಸಂಖ್ಯೆ ಹೆಚ್ಚಿದಾಗ ಅವನ್ನು ಅಡಗಿಸಿ, ಕರುಳಿನಿಂದ ಹೊರಬಿದ್ದು ಬೇರೆಡೆಗೆ ಹರಡಲು ಅಣಿಯಾಗುತ್ತದೆ.

ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ಸಂಕೇತವನ್ನಷ್ಟೇ ತಡೆದರೆ ಔಷಧ ನಿರೋಧದ ಒತ್ತಡ ಕಡಿಮೆಯಾದೀತೆಂಬ ಆಶಯದಿಂದ ನಡೆಯುತ್ತಿರುವ ಸಂಶೋಧನೆ ಗಂಭೀರವಾದುದು; ನಿಸರ್ಗವಂತೂ ಈ ಉಪಾಯವನ್ನು ಮೊದಲೇ ಕಂಡುಕೊಂಡಿದೆ. ಮಣ್ಣಿನ ಕೆಲವು ಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ನೆರೆಯವರ ಸಂಕೇತಾಣುವನ್ನು ಒಡೆಯುವ ಕಿಣ್ವವನ್ನು ಹೊಂದಿದ್ದು, ಅದರ ಜೀನನ್ನು ತಂಬಾಕು ಮತ್ತು ಆಲೂಗೆಡ್ಡೆ ಗಿಡಗಳಿಗೆ ಸೇರಿಸಿದಾಗ ಮೃದುಕೊಳೆ ರೋಗವನ್ನು ಅವು ಗಮನಾರ್ಹವಾಗಿ ತಡೆದುಕೊಂಡುದನ್ನು 2001ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.