ಊಟವೂ ನಡಿಗೆಯೂ



ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ ಸಾಕೆಂದು 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಹೇಳಿದರು. ಮೂಟೆ ಹೊರುವ ಸೋದರರಿಗೆ ಈ ಲೆಕ್ಕ ಸಲ್ಲದು. ಅವರಿಗೆ 3,470 ಬೇಕು. ಗುಮಾಸ್ತರಾದ ನಾವೋ ಅವರಷ್ಟೇ ಉಣ್ಣುತ್ತೇವೆ!

ನಮ್ಮಲ್ಲೊಬ್ಬರು ಹೊಟ್ಟೆ ಕರಗಿಸಲೆಂದು ರಾತ್ರಿಯೂಟ ಬಿಟ್ಟು, ಬೆಳಿಗ್ಗೆ ಬರೀ ಕಾಫಿ ಕುಡಿದು ಓಡಿದರು. ನಾಲ್ಕನೆಯ ದಿನ ತಲೆಸುತ್ತಿ ಮೇಜಿನ ಮೇಲೆಯೇ ಒರಗಿದರು. ಉಪವಾಸದಲ್ಲಿ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ.

ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 150 ಕ್ಯಾಲೊರಿ. ಎರಡು ಬೋಂಡ ತಿಂದರೆ ಅದೆಲ್ಲ ಮರಳಿ ಬಂತು. ಆದುದರಿಂದ ಅನ್ನ ಒಂದು ಸೌಟು ಕಡಿಮೆ, ಹುಳಿಯಲ್ಲಿ ಬೇಳೆ ತರಕಾರಿ ಹೆಚ್ಚು, ವಾರಕ್ಕೆ ಐದು ದಿನ ನಡಿಗೆ. ಮಣಲಿಯ ಲಾರಿ ರಸ್ತೆಗಳು ಬೇಡ, ಒಳಬೀದಿಗಳೇ ಮೇಲು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿರಿ.