ಗಣಕಯಂತ್ರಗಳ ಜೀರ್ಣೋದ್ಧಾರ

(ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂದಿನ ವಿಷಯವನ್ನು ಸೂಚನಾ ಫಲಕದಲ್ಲಿ ಓದಿ ಕೆಲವರಿಗೆ ನಗು ಬಂದಿರಬಹುದು. ಕೆಟ್ಟು ಮೂಲೆಗೆ ಬಿದ್ದ, ಕಾಲ ಮೀರಿದ ಕಂಪ್ಯೂಟರುಗಳನ್ನೂ ಅವುಗಳ ಜೊತೆಗೆ ಬರುವ ಮುದ್ರಣಯಂತ್ರ, ತಟ್ಟೆಯೋಟದ ಪೆಟ್ಟಿಗೆ ಮೊದಲಾದ ಉಪಕರಣಗಳನ್ನೂ ದುರಸ್ತಿ ಮಾಡಿ, ಅವು ಮೊದಲು ನಡೆದಂತೆಯೇ ನಡೆಯುವಂತೆ ಮಾಡುವುದು ಒಂದು ಹವ್ಯಾಸ. ಅಂಚೆಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಡುವವರಂತೆ, ಇದಕ್ಕಾಗಿ ತಮ್ಮ ರಜಾದಿನಗಳನ್ನೂ ಗಳಿಕೆಯ ಒಂದಂಶವನ್ನೂ ವ್ಯಯಮಾಡುವ ಜನರು ಇಂದು ಅನೇಕ ದೇಶಗಳಲ್ಲಿದ್ದಾರೆ. ಅಂಗಡಿಗೆ ಹೋದರೆ ಸಾವಿರ ಪಟ್ಟು ವೇಗದ ಹೊಸ ಯಂತ್ರ ದೊರೆಯುವಾಗ ಈ ಶ್ರಮವೇಕೆಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರಕ್ಕೆ ಬದಲಾಗಿ ಒಂದು ಯಂತ್ರದ ಚರಿತ್ರೆಯನ್ನು ಹೇಳುತ್ತೇನೆ. ಅದು ಇಂಗ್ಲೆಂಡಿನದು, ಆದರೆ ಅದರ ದುಡಿಮೆಯ ಆಯುಸ್ಸಿನ ಹೆಚ್ಚಿನ ಭಾಗವು ಕಳೆದದ್ದು ಒಂದು ವಿದ್ಯಾಲಯದಲ್ಲಿ. ನಮಗೆ ಅದರೊಡನೆ ನಂಟು ಹುಟ್ಟುವುದು ಅಲ್ಲಿಯೇ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಾರ್ವೆಲ್ ಎಂಬಲ್ಲಿ ಬ್ರಿಟಿಷ್ ಸರಕಾರವು ಪರಮಾಣು ಸಂಶೋಧನಾಲಯವನ್ನು ಸ್ಥಾಪಿಸಿತು. ಅಲ್ಲಿಯ ಉದ್ದುದ್ದ ಲೆಕ್ಕಗಳನ್ನು ಮಾಡುತ್ತಿದ್ದವರು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವನ್ನು ಮುಂದಿಟ್ಟುಕೊಂಡು ದಿನವಿಡೀ ಕುಳಿತಿರುತ್ತಿದ್ದ ಯುವಕ ಯುವತಿಯರು. ಬೇಸರ ತರುವ ಕೆಲಸ. ಬೇಸರವಾದಲ್ಲಿ ತಪ್ಪು ಸಹಜ. ಇದನ್ನು ತಪ್ಪಿಸಲೆಂದು ಟೆಡ್ ಕುಕ್-ಯಾರ್ಬರೋ, ಡಿಕ್ ಬಾರ್ನ್ಸ್, ಗರ್ನಿ ಥಾಮಸ್ ಎಂಬ ಮೂವರು ೧೯೪೯ರಲ್ಲಿ ಒಂದು ಗಣಕಯಂತ್ರವನ್ನು ಕಟ್ಟತೊಡಗಿದರು. ೧೯೫೧ರಲ್ಲಿ ಅದು ಮೊದಲ ಬಾರಿಗೆ ನಡೆಯಿತು. ತೂಕ ಎರಡೂವರೆ ಟನ್ನು. ಗೋಡೆಯುದ್ದಕ್ಕೂ ನಿಲ್ಲಿಸಿದ ಕಬ್ಬಿಣದ ಚೌಕಟ್ಟುಗಳಲ್ಲಿ ೪೮೦ ರಿಲೇಗಳು, ಅಂದರೆ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಬಳಸುತ್ತಿದ್ದಂಥ ವಿದ್ಯುತ್ ಕೀಲುಗಳು. ಮತ್ತು ೮೨೮ ಡೆಕಟ್ರಾನುಗಳು.

ಡೆಕಟ್ರಾನ್ ಎಂದರೇನು? ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಅದು ಅನಿಲ ತುಂಬಿದ ಒಂದು ಗಾಜಿನ ಬುರುಡೆ. ಅದರ ತಲೆಯಲ್ಲಿ ವೃತ್ತಾಕಾರವಾಗಿ ಹತ್ತು ನೆಲೆಗಳಿವೆ. ಯಾವುದಾದರೂ ಒಂದು ನೆಲೆಯಲ್ಲಿ ಕೆಂಡದ ಬಣ್ಣದ ಒಂದು ಬೆಳಕಿನ ಚುಕ್ಕೆ ನಿಂತಿರುತ್ತದೆ. ವಿದ್ಯುತ್ತಿನ ಒಂದು ಮಿಡಿತ ಬಂದೊಡನೆ ಚುಕ್ಕೆಯು ಒಂದು ಹೆಜ್ಜೆ ಮುಂದಕ್ಕೆ ಸರಿಯುತ್ತದೆ. ಹತ್ತು ಹೆಜ್ಜೆ ನಡೆದು ಸುತ್ತು ಮುಗಿಸಿದಾಗ ಪಕ್ಕದ ಬುರುಡೆಗೆ ಒಂದು ದಶಕ ದಾಟುತ್ತದೆ. ಮೋಟಾರುಗಾಡಿಯಲ್ಲಿ ಓಡಿದ ದೂರವನ್ನು ತೋರಿಸುವ ಅಂಕಿಗಳ ಚಕ್ರವನ್ನು ನೋಡಿದ್ದೀರಷ್ಟೆ. ಅದೇ ಕ್ರಮ, ಇಲ್ಲಿ ಹಲ್ಲಿನ ಚಕ್ರದ ಬದಲು ಬೆಳಕು. ಇಂದಿನ ಕಂಪ್ಯೂಟರಿನ ನೆನಪಿನಲ್ಲಿ ಏನಿದೆಯೆಂದು ಯಾರೂ ಬರಿಗಣ್ಣಿನಿಂದ ಕಾಣಲಾರರು. ಈ ಯಂತ್ರದ ಮುಂದೆ ನಿಂತ ಹುಡುಗನು ಎಣಿಕೆ ಬಲ್ಲವನಾಗಿದ್ದರೆ, ಅದರ ನೆನಪಿನಲ್ಲಿರುವ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಓದಬಲ್ಲನು. ಕೈಯಾರೆ ಮಾಡುವ ಸಂಕಲನದಲ್ಲಿ ನಾವು ದಶಕ ತೆಗೆದುಕೊಳ್ಳುವುದನ್ನು ಯಂತ್ರವು ಅವನ ಕಣ್ಣೆದುರಿಗೇ ಮಾಡಿ ತೋರಿಸುತ್ತದೆ.

ಅದರ ವೇಗವನ್ನು ಕೇಳಿದರೆ ನೀವು ನಗುತ್ತೀರಿ. ಒಂದು ಗುಣಾಕಾರಕ್ಕೆ ಐದರಿಂದ ಹತ್ತು ಸೆಕೆಂಡು! ಬಾರ್ಟ್ ಫಾಸಿ ಎಂಬ ಲೆಕ್ಕಿಗರು ಒಮ್ಮೆ ಕೈಯಂತ್ರವನ್ನು ಹಿಡಿದು ಇದರೊಡನೆ ಪಂದ್ಯಕ್ಕೆ ಕುಳಿತರಂತೆ. ಅರ್ಧ ಗಂಟೆಯವರೆಗೆ ಮನುಷ್ಯನೂ ಯಂತ್ರವೂ ಸಮಸಮ. ಆಮೇಲೆ ಫಾಸಿಯವರು ದಣಿದು ಎದ್ದರು, ಯಂತ್ರವು ಏಳಲಿಲ್ಲ. ಅದನ್ನು ಕಟ್ಟಿದವರ ಉದ್ದೇಶವೇ ಅದಾಗಿತ್ತು. ವೇಗವಿಲ್ಲದ ಯಂತ್ರವು ಯಾರ ಕಾವಲೂ ಇಲ್ಲದೆ ದೀರ್ಘಕಾಲ ತಪ್ಪಿಲ್ಲದೆ ದುಡಿದರೆ ಮಾತ್ರ ತನ್ನ ಅನ್ನಕ್ಕೆ ಅರ್ಹವೆಂದು ಅವರು ತಿಳಿದಿದ್ದರು. ೧೯೫೨ರ ಮೇ ತಿಂಗಳಿಂದ ೧೯೫೩ರ ಫೆಬ್ರವರಿಯವರೆಗೆ ಅದು ವಾರಕ್ಕೆ ಸರಾಸರಿ ೮೦ ಗಂಟೆ ದುಡಿಯಿತು. ಮಾಡಬೇಕಾದ ಕ್ರಮಗಳನ್ನು ತೂತು ಕೊರೆದ ಕಾಗದದ ಪಟ್ಟಿಯ ಮೇಲೆ ಬರೆದು ಉಣಿಸುತ್ತಿದ್ದರು. ಒಂದೇ ಕ್ರಮವನ್ನು ಮತ್ತೆ ಮತ್ತೆ ಮಾಡಿಸಬೇಕಾದರೆ ಪಟ್ಟಿಯ ಎರಡು ತುದಿಗಳನ್ನೂ ಅಂಟಿಸಿ ಬಳೆಯಂತೆ ಮಾಡಿಬಿಡುವುದು; ಅದು ತಿರುಗಿದಷ್ಟು ಸಲ ಕೆಲಸ ನಡೆಯುವುದು. ಎಂಥ ಸರಳವಾದ ಉಪಾಯ!

೧೯೫೭ರ ವೇಳೆಗೆ ಇದಕ್ಕಿಂತ ವೇಗದ ಯಂತ್ರಗಳು ಬಂದುದರಿಂದ ಹಾರ್ವೆಲಿಗೆ ಇದು ಬೇಡವಾಯಿತು. ಅದನ್ನು ಒಡೆದು ಮಾರಬಹುದಾಗಿತ್ತು. ಆದರೆ ಇದನ್ನು ಅತ್ಯುತ್ತಮವಾಗಿ ಬಳಸಿಕೊಳ್ಳುವ ಯೋಜನೆಯನ್ನು ಮುಂದಿಡುವ ವಿದ್ಯಾಲಯಕ್ಕೆ ಇದನ್ನು ಕೊಡುವುದೆಂದು ಒಂದು ಸ್ಪರ್ಧೆಯನ್ನೇರ್ಪಡಿಸಿದರು. ವುಲ್ವರ್‌ಹ್ಯಾಂಪ್ಟನ್ ಎಂಬ ಕೈಗಾರಿಕಾ ಪಟ್ಟಣದ ತಾಂತ್ರಿಕ ವಿದ್ಯಾಲಯವು ಗೆದ್ದಿತು. ಅಲ್ಲಿ ಇದಕ್ಕೆ ‘ವಿಚ್’, ಅಂದರೆ ಮಾಟಗಾತಿ ಎಂಬ ಹೆಸರು ಬಿದ್ದಿತು. ೧೯೭೩ರವರೆಗೆ, ಹದಿನಾರು ವರ್ಷ, ಅಲ್ಲಿಯ ವಿದ್ಯಾರ್ಥಿಗಳು ಇದರ ಮೇಲೆ ಗಣಕವಿದ್ಯೆಯ ಓನಾಮ ಕಲಿತರು. ದೊಡ್ಡ ಸಂಸ್ಥೆಯು ಬೇಡವೆಂದು ಬಿಟ್ಟದ್ದು ಆ ವಿದ್ಯಾಲಯಕ್ಕೆ ಕಾಮಧೇನುವಾಯಿತು. ನಿಧಾನವೇ ಅದರ ದೊಡ್ಡ ಗುಣವಾಯಿತೆಂದು ಅಧ್ಯಾಪಕನಾದ ನಾನು ಹೇಳುತ್ತೇನೆ. ಕಣ್ಣಿಗೆ ಕಾಣದಷ್ಟು ಬೇಗ ಮಾಡಿ ಮುಗಿಸುವ ಗುರುವಿನಿಂದ ಶಿಷ್ಯನು ಕಲಿಯುವುದು ಸ್ವಲ್ಪವೇ.

ನಿವೃತ್ತಿಯ ಬಳಿಕ ಯಂತ್ರವು ಬರ್ಮಿಂಗ್‌ಹ್ಯಾಮಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋಯಿತು. ೧೯೯೭ರಲ್ಲಿ ಆ ಸಂಗ್ರಹಾಲಯವು ಮುಚ್ಚಲು, ಬಿಡಿಬಿಡಿಯಾಗಿ ಕಳಚಿ ಉಗ್ರಾಣ ಸೇರಿತು. ಅಲ್ಲಿ ಅದು ಇದೆಯೆಂಬುದೇ ಹೆಚ್ಚುಕಡಮೆ ಮರೆತುಹೋಯಿತು. ಮುಂದೆ ಕೆವಿನ್ ಮರೆಲ್ ಎಂಬವರು ಆ ಉಗ್ರಾಣದ ಒಂದು ಛಾಯಾಚಿತ್ರವನ್ನು ನೋಡುತ್ತಿರುವಾಗ ಸಾಮಾನುಗಳ ನಡುವೆ ಇದರ ಚಾಲನಾ ಫಲಕವನ್ನು ಗುರುತಿಸಿದರು. ನೂರು ಜನ ನೋಡಿದ್ದರೆ ತೊಂಬತ್ತೊಂಬತ್ತು ಜನರಿಗೆ ಅದು ಹಳೆಯ ಕಬ್ಬಿಣ. ೨೦೦೯ರಲ್ಲಿ ಬ್ಲೆಚ್ಲಿ ಪಾರ್ಕಿನ ರಾಷ್ಟ್ರೀಯ ಗಣಕ ಸಂಗ್ರಹಾಲಯಕ್ಕೆ ಅದನ್ನು ತಂದು, ಡೆಲ್ವಿನ್ ಹಾಲ್ರಾಯ್ಡ್ ಎಂಬವರ ಮುಂದಾಳುತನದಲ್ಲಿ ಸ್ವಯಂಸೇವಕರ ಒಂದು ತಂಡವು ಜೀರ್ಣೋದ್ಧಾರಕ್ಕೆ ತೊಡಗಿತು.

ಜೀರ್ಣೋದ್ಧಾರವೆಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಈಚೆಗೆ ಆ ಮಾತಿಗೆ ಹಳೆಯ ಕಲ್ಲನ್ನು ಕಿತ್ತು ಸಿಮೆಂಟು ಮೆತ್ತಿ ಬಣ್ಣ ಬಳಿಯುವುದೆಂಬ ಅರ್ಥ ಬಂದಿದೆ; ಅದು ನನಗೆ ಸಮ್ಮತವಲ್ಲ. ಈ ಹವ್ಯಾಸಿಗಳ ಧರ್ಮ ಬೇರೆ. ಮೂಲದ ಭಾಗವನ್ನು ಸಾಧ್ಯವಾದಷ್ಟೂ ಉಳಿಸಬೇಕು. ಬದಲಾಯಿಸಲೇಬೇಕಾದರೆ ಏನನ್ನು, ಏಕೆ ಬದಲಾಯಿಸಿದೆವೆಂದು ಬರೆದಿಡಬೇಕು. ಹಳೆಯ ಯಂತ್ರವನ್ನು ತಂದೊಡನೆ ಗುಂಡಿಯೊತ್ತಿ ಹೊತ್ತಿಸುವವನು ಈ ವಿದ್ಯೆಗೆ ತಕ್ಕವನಲ್ಲ. ಮೊದಲು ಚಿತ್ರ ತೆಗೆಯಬೇಕು, ಧೂಳು ಕೊಡಹಬೇಕು, ತಂತಿಗಳ ನಕ್ಷೆಯನ್ನು ಓದಬೇಕು. ಬಳಿಕ ವಿದ್ಯುತ್ತನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋಗಬೇಕು. ರಿಲೇಗಳ ಸಂಪರ್ಕಬಿಂದುಗಳಿಗೆ ಕಿಲುಬು ಹಿಡಿದಿದ್ದರೆ ಒರಸಬೇಕು. ಬಹುಕಾಲ ಸುಮ್ಮನಿದ್ದ ಡೆಕಟ್ರಾನಿನಲ್ಲಿ ಬೆಳಕಿನ ಚುಕ್ಕೆಯು ಹೆಜ್ಜೆ ತಪ್ಪುತ್ತದೆ, ಕೆಲವೆಡೆ ಅಂಟಿಕೊಂಡು ನಿಲ್ಲುತ್ತದೆ. ಗಂಟೆಗಟ್ಟಲೆ ಅದನ್ನು ತಿರುಗಿಸುತ್ತಿದ್ದರೆ ಅನೇಕ ಬುರುಡೆಗಳು ಪುನಃ ಸರಿದಾರಿಗೆ ಬರುತ್ತವೆ. ನಮ್ಮಲ್ಲಿಯ ಹಿಮ್ಮೇಳದವರು ಇದನ್ನು ಕೇಳಿದರೆ ಆಶ್ಚರ್ಯಪಡಲಾರರು. ಅಟ್ಟದಲ್ಲಿಟ್ಟ ಮದ್ದಳೆಗಿಂತ ನಿತ್ಯ ನುಡಿಸುವ ಮದ್ದಳೆ ಒಳ್ಳೆಯದೆಂದು ಅವರು ಬಲ್ಲರು.

ಆದರೆ ಆ ತಂಡಕ್ಕಿದ್ದ ದೊಡ್ಡ ತೊಡಕು ಬಿಡಿಭಾಗಗಳ ಅಭಾವವೊಂದೇ ಅಲ್ಲ, ತಿಳಿದವರ ಅಭಾವ. ವಾಲ್ವು, ರಿಲೇ, ಕಾಗದಪಟ್ಟಿಯ ಓದುಗಯಂತ್ರ ಇವುಗಳ ಪರಿಚಯವೇ ಇಂದಿನ ತಂತ್ರಜ್ಞರಿಗಿಲ್ಲ. ತಂಡದ ಹಿರಿಯರು ಮರೆತ ಕೈಚಳಕವನ್ನು ಮತ್ತೆ ನೆನಪಿಗೆ ತಂದುಕೊಳ್ಳಬೇಕಾಯಿತು. ಕಿರಿಯರು ಮೊದಲಿನಿಂದ ಕಲಿಯಬೇಕಾಯಿತು. ಇನ್ನು ಹತ್ತಿಪ್ಪತ್ತು ವರ್ಷ ತಡವಾಗಿದ್ದರೆ ಕಲಿಸುವ ಹಿರಿಯರೇ ಇರುತ್ತಿರಲಿಲ್ಲ. ೨೦೧೨ರ ನವೆಂಬರ್ ೨೦ರಂದು, ಅದನ್ನು ರೂಪಿಸಿದವರಲ್ಲಿ ಇಬ್ಬರೂ ಮೊದಲಲ್ಲಿ ಬಳಸಿದವರಲ್ಲೊಬ್ಬರೂ ನೋಡುತ್ತಿದ್ದಂತೆ, ಯಂತ್ರವು ಮತ್ತೆ ನಡೆಯಿತು. ರಿಲೇಗಳು ಟಕಟಕನೆ ಬಡಿದುಕೊಂಡವು, ಚುಕ್ಕೆಗಳು ಸುತ್ತಿದವು. ಮುಂದಿನ ವರ್ಷ ಕುಕ್-ಯಾರ್ಬರೋ ತೀರಿಕೊಂಡರು. ಈ ಎರಡು ಇಸವಿಗಳ ನಡುವಣ ಅಂತರ ಎಷ್ಟು ಕಿರಿದೆಂಬುದನ್ನು ತಾವು ಲಕ್ಷಿಸಬೇಕು.

ಇಷ್ಟು ದೊಡ್ಡ ಯಂತ್ರ ನಮಗೇಕೆ, ಇನ್ನಷ್ಟು ಹತ್ತಿರಕ್ಕೆ ಬರೋಣ. ೧೯೮೪-೮೫ರಲ್ಲಿ ಭಾರತ ಸರಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಕೈಗೊಂಡು, ದೇಶದ ಸುಮಾರು ೨೫೦ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣವನ್ನು ಆರಂಭಿಸಿತು. ಆಗ ಬಂದದ್ದು ಕೇಂಬ್ರಿಜಿನ ಏಕಾರ್ನ್ ಕಂಪೆನಿಯು ೧೯೮೧ರಲ್ಲಿ ಹೊರತಂದ ಬಿಬಿಸಿ ಮೈಕ್ರೋ ಎಂಬ ಯಂತ್ರ. ಅದರ ನೆನಪಿನ ಶಕ್ತಿ ೩೨ ಕಿಲೋಬೈಟು. ಇಂದಿನ ದೂರವಾಣಿಯ ಒಂದು ಛಾಯಾಚಿತ್ರವೂ ಅದರೊಳಗೆ ಹಿಡಿಸದು. ಹವ್ಯಾಸಿಗಳಿಗೆ ಇದು ಅಚ್ಚುಮೆಚ್ಚು. ಹಳೆಯ ಬಿಬಿಸಿ ಮೈಕ್ರೋವನ್ನು ವರ್ಷಗಳ ಮೇಲೆ ಹೊತ್ತಿಸಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಢಬ್ಬೆಂದು ಸದ್ದಾಗಿ ದಟ್ಟವಾದ ದುರ್ವಾಸನೆಯ ಹೊಗೆ ಏಳುವುದುಂಟು. ತಿಳಿಯದವನು ಯಂತ್ರವು ಸತ್ತಿತೆಂದು ಗುಜರಿಗೆ ಹಾಕುತ್ತಾನೆ. ತಿಳಿದವನು ಹೀಗೆ ಹೇಳುತ್ತಾನೆ: ವಿದ್ಯುತ್ ಪೂರೈಸುವ ಪೆಟ್ಟಿಗೆಯಲ್ಲಿ ಕಾಗದದ ಪದರವುಳ್ಳ ಒಂದು ಸಣ್ಣ ಕೆಪಾಸಿಟರ್ ಇದೆ, ಅದರ ಹೊರಕವಚವು ಕಾಲಕ್ರಮದಲ್ಲಿ ಬಿರುಕುಬಿಟ್ಟು ತೇವವನ್ನು ಹೀರಿದೆ, ಸಿಡಿದದ್ದು ಅದೊಂದೇ, ಉಳಿದದ್ದು ಸುಖವಾಗಿದೆ. ಕೆಲವು ರೂಪಾಯಿಗಳ ಭಾಗವನ್ನು ಬದಲಿಸಿದರೆ ಯಂತ್ರವು ಎದ್ದು ಕುಳಿತುಕೊಳ್ಳುವುದು. ಈ ಇಬ್ಬರಲ್ಲಿ ನಮ್ಮ ಮಕ್ಕಳು ಯಾರಂತಾಗಬೇಕು?

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಶಾಲೆಯ ಹಿಂದಿನ ಕೊಠಡಿಯಲ್ಲಿ ಹನ್ನೊಂದು ಕಂಪ್ಯೂಟರುಗಳೂ ಮೂರು ಮುದ್ರಣಯಂತ್ರಗಳೂ ರಾಶಿ ಬಿದ್ದಿವೆ. ಜಾಗ ಬೇಕಾಗಿರುವುದರಿಂದ ಅವುಗಳನ್ನು ಗುಜರಿಗೆ ಕೊಡಬೇಕೆಂಬ ಸೂಚನೆಯು ಸಮಿತಿಯ ಮುಂದಿದೆ. ಎಲ್ಲವನ್ನೂ ಇಟ್ಟುಕೊಳ್ಳೋಣವೆಂದು ನಾನು ಹಟ ಹಿಡಿಯುವುದಿಲ್ಲ. ನಾಲ್ಕನ್ನು ನನಗೆ ಬಿಡಬೇಕು. ೨೦೦೦ದ ಆಚೀಚೆಗೆ ತಯಾರಾದ ಕಂಪ್ಯೂಟರುಗಳಲ್ಲಿ ದೋಷವುಳ್ಳ ಕೆಪಾಸಿಟರುಗಳು ಬಹಳವಾಗಿ ಸೇರಿಹೋಗಿದ್ದವು. ಅವುಗಳ ತಲೆ ಉಬ್ಬಿ, ಕಂದು ಬಣ್ಣದ ಅಂಟು ಸೋರುತ್ತದೆ. ನಮ್ಮ ರಾಶಿಯ ಎರಡು ಯಂತ್ರಗಳಲ್ಲಿ ಇದೇ ಲಕ್ಷಣವಿದೆ. ಇನ್ನೊಂದರಲ್ಲಿ ನಾಣ್ಯದಾಕಾರದ ಬ್ಯಾಟರಿ ಮುಗಿದು ಕಾಲಜ್ಞಾನ ತಪ್ಪಿದೆ. ನೆನಪಿನ ಪಟ್ಟಿಯ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದ ಮಾತ್ರಕ್ಕೆ ಎದ್ದ ಯಂತ್ರಗಳೂ ಲೋಕದಲ್ಲಿವೆ. ನಮ್ಮ ಕಡೆಯ ಮಳೆಗಾಲದ ತೇವದಲ್ಲಿ ಇವೆಲ್ಲ ದಿನನಿತ್ಯದ ರೋಗಗಳು.

ಮುದ್ರಣಯಂತ್ರಗಳ ಕತೆ ಬೇರೆ. ಅವುಗಳಲ್ಲಿ ಸಾಯುವುದು ಹೆಚ್ಚಾಗಿ ವಿದ್ಯುತ್ತಿನ ಭಾಗವಲ್ಲ, ರಬ್ಬರು. ಕಾಗದವನ್ನೆಳೆಯುವ ಉರುಳೆಯು ಗಟ್ಟಿಯಾಗಿ ಜಾರುತ್ತದೆ, ಇಲ್ಲವೇ ಬೆಲ್ಲದ ಪಾಕದಂತೆ ಅಂಟಾಗುತ್ತದೆ. ಗಡಿಯಾರ ರಿಪೇರಿಯವನ ತಾಳ್ಮೆ ಇದಕ್ಕೆ ಬೇಕು.

ಪೋಷಕರಲ್ಲಿ ಒಬ್ಬರು ಮೊನ್ನೆ ನನ್ನನ್ನು ಕೇಳಿದರು: “ಮಾಷ್ಟ್ರೇ, ಕನ್ನಡ ಶಾಲೆಗೆ ಕಳುಹಿಸಿದ್ದಕ್ಕೇ ನೆಂಟರು ನಗುತ್ತಾರೆ. ಈಗ ಹಳೆ ಕಂಪ್ಯೂಟರ್ ಕಲಿಸುತ್ತಾರೆ ಎಂದರೆ ಏನೆಂದಾರು?” ಅವರ ಸಂಕಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗಡಿಯ ಈಚೆಯ ನಾಡಿನಲ್ಲಿ ಕನ್ನಡ ಮಾಧ್ಯಮದ ಮಗುವು ಯಂತ್ರವಿದ್ಯೆಯಲ್ಲಿ ಹಿಂದೆ ಬೀಳುವುದೆಂಬ ಭಯದಿಂದಲೇ ನಮ್ಮ ಒಂದನೆಯ ತರಗತಿಯ ಹಾಜರಿ ಪಟ್ಟಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ನನ್ನ ಉತ್ತರವಿಷ್ಟೇ. ಹೊಸ ಯಂತ್ರದ ಗುಂಡಿಯೊತ್ತುವುದನ್ನು ಮಗುವು ಯಾವ ಶಾಲೆಯಲ್ಲಾದರೂ, ಶಾಲೆಯಿಲ್ಲದೆಯೂ ಕಲಿಯುತ್ತದೆ. ಮುಚ್ಚಿದ ಪೆಟ್ಟಿಗೆಯನ್ನು ತೆರೆದು, ಇದು ಏಕೆ ನಿಂತಿತೆಂದು ಹುಡುಕಿ, ಕಂಡುದನ್ನು ತನ್ನ ಮಾತಿನಲ್ಲಿ ವಿವರಿಸುವುದನ್ನು ಕಲಿಸುವ ಶಾಲೆಗಳು ಅಪರೂಪ. ಆ ವಿವರಣೆಯನ್ನು ಮಗುವು ಕನ್ನಡದಲ್ಲಿ ಬರೆದರೆ ಕೆಪಾಸಿಟರಿಗೇನೂ ನೋವಾಗದು. ನಮ್ಮ ವಿದ್ಯಾರ್ಥಿಗಳು ಪ್ರತಿಯೊಂದು ಯಂತ್ರಕ್ಕೂ ಒಂದು ರೋಗಪತ್ರವನ್ನು ಬರೆಯಬೇಕೆಂದು ನನ್ನ ಇಚ್ಛೆ: ಯಾವ ದಿನ ತೆರೆದದ್ದು, ಏನು ಕಂಡದ್ದು, ಏನು ಮಾಡಿದ್ದು, ಫಲವೇನು. ಯಂತ್ರವು ಏಳದೇ ಹೋದರೂ ಆ ಪತ್ರಕ್ಕೆ ಅಂಕವುಂಟು.

ಅಪಾಯದ ಮಾತನ್ನು ಮುಚ್ಚಿಡಬಾರದು. ವಿದ್ಯುತ್ ಪೂರೈಸುವ ಪೆಟ್ಟಿಗೆಯೊಳಗಿನ ದೊಡ್ಡ ಕೆಪಾಸಿಟರುಗಳು ತಂತಿಯನ್ನು ಕಿತ್ತ ಮೇಲೂ ಬಹಳ ಹೊತ್ತು ಆಘಾತಕರವಾದ ವಿದ್ಯುತ್ತನ್ನು ಹಿಡಿದಿಡಬಲ್ಲವು. ಹಳೆಯ ಗಾಜಿನ ಪರದೆಯ ಮಾನಿಟರುಗಳಲ್ಲಿ ಸಾವಿರಾರು ವೋಲ್ಟುಗಳಿರುವುವು. ಅವನ್ನು ನಮ್ಮಲ್ಲಿ ಯಾರೂ ತೆರೆಯುವುದಿಲ್ಲ, ನಾನೂ ತೆರೆಯುವುದಿಲ್ಲ. ಬೆಸುಗೆಯ ಕೆಲಸವು ಎಂಟನೆಯ ತರಗತಿಗಿಂತ ಮೇಲಿನವರಿಗೆ ಮಾತ್ರ. ಕಿಟಕಿ ತೆರೆದಿಟ್ಟು, ಅಧ್ಯಾಪಕರು ಪಕ್ಕದಲ್ಲಿದ್ದು. ಬೆಸುಗೆಯ ತಂತಿಯಲ್ಲಿ ಸೀಸವಿರುವುದರಿಂದ ಕೈ ತೊಳೆಯದೆ ಬುತ್ತಿ ಬಿಚ್ಚಕೂಡದು. ದುರಸ್ತಿಗೆ ಒದಗದವನ್ನು ಬೀದಿಯ ಗುಜರಿಗೆ ಕೊಡದೆ, ನೋಂದಾಯಿತ ಸಂಸ್ಕರಣದವರಿಗೆ ಒಪ್ಪಿಸಬೇಕು. ತಾಮ್ರದಾಸೆಗೆ ಇವುಗಳನ್ನು ಸುಡುವವರ ಹೊಗೆಯು ಮೊದಲು ಸೇರುವುದು ಅವರದೇ ಮಕ್ಕಳ ಎದೆಗೆ.

ಸಮಿತಿಯು ಒಪ್ಪಿಗೆಯಿತ್ತರೆ ಶನಿವಾರಗಳಲ್ಲಿ ಅಪರಾಹ್ನ ಎರಡು ಗಂಟೆ ಇದಕ್ಕೆ ಮೀಸಲು. ಸೇರಬಯಸುವ ವಿದ್ಯಾರ್ಥಿಗಳು ತಂದೆತಾಯಿಯರ ಒಪ್ಪಿಗೆಯ ಚೀಟಿಯನ್ನು ಸೋಮವಾರದೊಳಗೆ ತರಬೇಕು, ಹುಡುಗಿಯರೂ ಹಿಂಜರಿಯಬೇಕಾಗಿಲ್ಲ. ಪೋಷಕರಲ್ಲಿ ರೇಡಿಯೋ, ಗಡಿಯಾರ, ಪಂಪುಸೆಟ್ಟು ಯಾವುದರ ರಿಪೇರಿ ಬಲ್ಲವರಿದ್ದರೂ ಬರಬೇಕು, ಪರೀಕ್ಷೆ ಪಾಸಾಗಿರಬೇಕೆಂದಿಲ್ಲ. ಮನೆಯ ಅಟ್ಟದಲ್ಲಿ ಹಳೆಯ ಕೀಲಿಮಣೆಯೋ ಮುದ್ರಣಯಂತ್ರವೋ ಇದ್ದರೆ ಕಳುಹಿಸಿಕೊಡಿ. ಅದರೊಳಗೆ ಬ್ಯಾಟರಿ ಸೋರಿದ್ದರೆ ಬರಿಗೈಯಲ್ಲಿ ಮುಟ್ಟದೆ ಕಾಗದದಲ್ಲಿ ಸುತ್ತಿ, ಮೇಲೆ ‘ಸೋರಿದೆ’ ಎಂದು ಬರೆದು ಕಳುಹಿಸಿ. ಜೊತೆಗೆ ಬಂದ ಕೈಪಿಡಿಯ ಒಂದು ಹಾಳೆ ಉಳಿದಿದ್ದರೂ ಎಸೆಯಬೇಡಿ, ನಮಗೆ ಅದು ಬೇಕು.